ವೇಲ್ಸ್‌ಗೆ ನೀವೂ ಬನ್ನಿ

ಯೋಜನೆ ಹಾಕುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ದುಬೈಯಲ್ಲಿ ಇಲ್ಲವೆಂದು ಆಗ ನನಗೆ ದೃಢವಾದ ನಂಬಿಕೆಯಿತ್ತು.

ನಮ್ಮ ಮನೆ ಮಿರ್ದಿಫ್‌ನಲ್ಲಿ, ವಿಮಾನ ನಿಲ್ದಾಣಕ್ಕೆ ತೀರಾ ಹತ್ತಿರ. ಹೀಗಾಗಿ ಉಡುಪಿ ಕಡೆಯವರು ಯಾರೇ ಊರಿಗೆ ಹೊರಡಲಿ, ನಮ್ಮಲ್ಲಿ ಊಟ. ಊರಿನಿಂದ ಬರಲಿ, ನಮ್ಮಲ್ಲಿ ಸ್ನಾನ. ಹನ್ನೊಂದು ವರ್ಷ ಇದನ್ನು ನಗುನಗುತ್ತಲೇ ನಡೆಸಿದ ನನ್ನ ಹೆಂಡತಿ ವಸಂತಿ ಒಂದು ದಿನ ದೋಸೆ ಕಾವಲಿಯ ಮುಂದೆ ನಿಂತು ಹೇಳಿದಳು: "ನನಗೆ ಚಿನ್ನ ಬೇಡ, ಸೀರೆ ಬೇಡ. ನೆಂಟರಿಲ್ಲದ ಒಂದು ವಾರ ಬೇಕು. ಸಾಕಾಗಿ ಹೋಗಿದೆ ಮಾರಾಯ್ರೆ."

ಅವಳ ಕಣ್ಣಲ್ಲಿ ನೀರಿತ್ತು. ನನಗೂ ಪಾಪ ಅನ್ನಿಸಿತು. ಅಂದೇ ಇಂಟರ್ನೆಟ್ಟಿನಲ್ಲಿ ತಡಕಾಡಿ ಬ್ರಿಟನ್ನಿನ ವೇಲ್ಸ್ ಕರಾವಳಿಯಲ್ಲಿ ಪುಟ್ಟ ಕಾಟೇಜೊಂದನ್ನು ಹಿಡಿದೆ. ಕಿಟಕಿಯಾಚೆ ಕಡಲು, ಸುತ್ತ ಕುರಿಗಳು, ಉಡುಪಿಯವರು ಸೊನ್ನೆ! ಆಗಸ್ಟ್‌ನಲ್ಲಿ ಒಂದು ವಾರ, ನಾನು, ವಸಂತಿ, ಮಗಳು ಶ್ರಾವ್ಯ ಮಾತ್ರ.

ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿರಬೇಕಿತ್ತು.

ಆ ಶುಕ್ರವಾರ ಅಬುಧಾಬಿಯಿಂದ ನಮ್ಮೂರಿನವರೇ ಆದ ಶೇಖರಣ್ಣ ಊಟಕ್ಕೆ ಬಂದರು. ಪ್ರವಾಸದ ಸುದ್ದಿ ಹೇಳಿ 'ನೀವೂ ಬನ್ನಿ' ಅನ್ನದಿರುವುದು ಹೇಗೆ? ಕರೆಯುವುದು ಒಬ್ಬರ ಮರ್ಯಾದೆ, 'ಇಲ್ಲ ಇಲ್ಲ, ಇನ್ನೊಮ್ಮೆ ನೋಡುವ' ಎನ್ನುವುದು ಇನ್ನೊಬ್ಬರ ಮರ್ಯಾದೆ. ನನ್ನ ಪಾಲಿನದನ್ನು ನಾನು ಸರಿಯಾಗಿಯೇ ಮಾಡಿದೆ.

"ಓ, ಬರುವ ಮಾರಾಯ್ರೆ! ನಾವು ನಾಲ್ಕು ಜನ," ಎಂದರು ಶೇಖರಣ್ಣ.

ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು. "ಅಪ್ಪಾ, ಯು ಡಿಡ್ ನಾಟ್!" ಎಂದಳು ಶ್ರಾವ್ಯ.

ವೀಸಾದ ಉಪದ್ರ ನೋಡಿದರೆ ಅವರೇ ಬಿಟ್ಟುಬಿಡುತ್ತಾರೆ ಎಂದು ವಸಂತಿಗೆ ಭರವಸೆ ಕೊಟ್ಟೆ. ನಿಜಕ್ಕೂ ಮರುದಿನವೇ ಶೇಖರಣ್ಣನ ಫೋನು: "ಆ ಫಾರ್ಮು ತುಂಬ್ಲಿಕ್ಕೆ ನಮ್ಮಿಂದಾಗುದಿಲ್ಲ ಕಾಣ್ತದೆ. ಬಿಡುವನಾ?"

ದೇವರೇ ಬಾಗಿಲು ತೆರೆದಿದ್ದ. ನಾನು ಹೇಳಿದ್ದೇನು? "ಛೆ ಛೆ, ನಾನಿಲ್ವಾ? ತುಂಬಿ ಕೊಡ್ತೇನೆ!"

ಕಚೇರಿಯಲ್ಲಿ ಕೂತು ಆ ಫಾರ್ಮುಗಳನ್ನು ತುಂಬುವಾಗ ಮೈಸೂರಿನ ಸಹೋದ್ಯೋಗಿ ಅನಂತು ಇಣುಕಿದ. "ಏನ್ ಸಾರ್, ವೇಲ್ಸಾ? ನಮ್ಮನ್ನ ಕರೀಲೇ ಇಲ್ಲ!" ಇದಕ್ಕೆ ನನಗೆ ಗೊತ್ತಿದ್ದ ಉತ್ತರ ಒಂದೇ. ಅತ್ತೆ ಮಾವ ಸೇರಿ ಅವರು ಐದು ಜನ. ಪುಟ್ಟ ಕಾಟೇಜು ಹೋಗಿ ಆರು ಕೋಣೆಗಳ ಬಂಗಲೆ ಬಂತು. ಎಲ್ಲರ ಅರ್ಜಿಯಲ್ಲೂ ಜೊತೆಗೆ ಪ್ರಯಾಣಿಸುವ ಜವಾಬ್ದಾರಿಯುತ ವ್ಯಕ್ತಿ ನಾನೇ!

ಒಂದಾದರೂ ವೀಸಾ ತಿರಸ್ಕೃತವಾಗಬಾರದೇ? ಹನ್ನೆರಡೂ ಬಂದವು. ಅಷ್ಟು ಚೆನ್ನಾಗಿ ತುಂಬಿದ್ದೆ.

ಹೊರಡುವ ದಿನ, ನಿಲ್ದಾಣಕ್ಕೆ ಹತ್ತಿರವೆಂದು, ಎಲ್ಲರೂ ನಮ್ಮಲ್ಲೇ ಉಂಡರು. ವಸಂತಿ ಎಲ್ಲರಿಗೂ ಎರಡೆರಡು ಸಲ ಬಡಿಸಿದಳು. ಕೈ ತೊಳೆದು ಬಂದು ನೋಡಿದರೆ ಬಾಗಿಲ ಬಳಿ ನನ್ನ ಸೂಟ್‌ಕೇಸ್ ಒಂದೇ ನಿಂತಿದೆ.

"ನಿಮ್ಮಿಬ್ಬರದ್ದು ಎಲ್ಲಿ?"

"ನಾವು ಬರುದಿಲ್ಲ. ನೀವೆಲ್ಲ ಹೋಗಿ ಬನ್ನಿ."

"ಅಲ್ಲ ಮಾರಾಯ್ತಿ, ನಿನ್ನ ರಜೆ?"

"ನಿಮ್ಮ ಗಾಡಿ ಹೊರಟ ಕೂಡ್ಲೆ ಶುರು. ಯಲ್ಲಾ, ಹೊರಡಿ!" ಎಂದು ಅರಬರ ಧಾಟಿಯಲ್ಲೇ ಅವಸರಪಡಿಸಿದಳು.

ವೇಲ್ಸ್‌ನಲ್ಲಿ ಬಿಡದೆ ಮಳೆ. ಕಡಲು ಎಲ್ಲೋ ಇತ್ತಂತೆ, ಮಂಜಿನಲ್ಲಿ ಕಾಣಲಿಲ್ಲ. ಕರೆದವನು ನಾನಾದ್ದರಿಂದ ಉಳಿದ ಒಂಬತ್ತು ಮಂದಿಯೂ ಶಾಸ್ತ್ರೋಕ್ತವಾಗಿ ನೆಂಟರಾದರು. ಒಬ್ಬರಿಗೆ ಸಕ್ಕರೆಯಿಲ್ಲದ ಚಾ, ಒಬ್ಬರಿಗೆ ಕಾಫಿಯೇ ಆಗಬೇಕು, ಅನಂತುವಿನ ಮಾವನವರಿಗೆ ಏಳು ಗಂಟೆಗೆ ಉಪ್ಪಿಟ್ಟು. ಮೂರೇ ದಿನಕ್ಕೆ ನನ್ನ ಸೊಂಟ ಹಿಡಿಯಿತು. ಹನ್ನೊಂದು ವರ್ಷ ಇವಳು ಹೇಗೆ ಮಾಡಿದಳೋ! ನಾಚಿಕೆಯಾಯಿತು.

ನಾಲ್ಕನೆಯ ದಿನ ಒಲೆಯ ಪಕ್ಕದಿಂದಲೇ ಫೋನು ಮಾಡಿದೆ. ವಸಂತಿಯ ದನಿ ಮದುವೆಯ ಹೊಸದರಲ್ಲಿ ಇದ್ದಂತಿತ್ತು.

"ನಾಲ್ಕು ದಿನದಿಂದ ಬಾಗಿಲ ಬೆಲ್ಲೇ ಆಗ್ಲಿಲ್ಲ ಗೊತ್ತುಂಟಾ? ಮಧ್ಯಾಹ್ನ ಮಲಗಿದೆ!"

"ಹಾಗಾದ್ರೆ ಯಾರೂ ಬರ್ಲಿಕ್ಕಿಲ್ಲ ಅಲ್ವಾ?"

"ಶನಿವಾರದವರೆಗೆ ಇಲ್ಲ. ಶನಿವಾರ ಒಬ್ರು ಬರ್ಲಿಕ್ಕುಂಟು," ಎಂದು ನಿಟ್ಟುಸಿರುಬಿಟ್ಟಳು.

ನನಗೆ ರೋಷ ಉಕ್ಕಿತು. "ಯಾರದು? ಸ್ವಲ್ಪವೂ ಬುದ್ಧಿ ಬೇಡ್ವಾ? ಬರುದು ಬೇಡ ಅಂತ ಮುಖಕ್ಕೇ ಹೇಳು!"

"ಹೇಗೆ ಹೇಳುದು? ನೀವೇ ಅಲ್ವಾ!"