ಇಲ್ಲದ ಬೇಕರಿಯ ನ್ಯಾಯ

ಕೇರಳದಲ್ಲಿ ಯಾರನ್ನಾದರೂ ದಾರಿ ಕೇಳಿ ನೋಡಿ, ದಾರಿಗಿಂತ ಮೊದಲು ಆ ಊರಿನ ಚರಿತ್ರೆ ಸಿಗುತ್ತದೆ. ನನ್ನ ಗಂಡ ತಿರುವನಂತಪುರದ ಶ್ರೀಕಾರ್ಯಂನಲ್ಲಿ ಬೆಳೆ ಸಂಶೋಧಕರು, ನಾನು ಬ್ಯಾಂಕಿನವಳು. ತಿಪಟೂರಿನಿಂದ ಗಂಟುಮೂಟೆ ಕಟ್ಟಿಕೊಂಡು ಇಲ್ಲಿಗೆ ಬಂದ ಮೇಲೆ ಮಲಯಾಳ ಕಲಿತೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ನನಗೆ ಭಾಷೆ ಬರುತ್ತದೆಂದು ಗೊತ್ತಾದದ್ದೇ ತಡ, ಜನ ನಿಲ್ಲಿಸಿಕೊಂಡು ಮುಚ್ಚಿಹೋದ ಅಂಗಡಿಗಳ, ಎದ್ದುಹೋದ ಬಾರುಗಳ ಕತೆ ಹೇಳತೊಡಗಿದರು. ನನಗೂ ಕೇಳುವ ಚಪಲ. ಹಾಗಾಗಿ ಇಂಥವು ಆಗುತ್ತಲೇ ಇರುತ್ತವೆ. ಒಂದು ಸಲವಂತೂ ಹಿರಿಯ ದಂಪತಿಯ ಮದುವೆಯ ಐವತ್ತನೇ ವರ್ಷದ ಸಮಾರಂಭವೇ ನಿಂತುಹೋಗುವುದರಲ್ಲಿತ್ತು, ಅದನ್ನು ಉಳಿಸುವ ಹೊಣೆ ನನ್ನ ತಲೆಗೆ ಬಂದಿತ್ತು. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ಚಿಕ್ಕಪುಟ್ಟವು.

೧. ಕೊಡೆ ರಿಪೇರಿ ಅಂಗಡಿ

ಶ್ರೀಕಾರ್ಯಂಗೆ ಬಂದ ಹೊಸತು. ಬಾಡಿಗೆ ಮನೆ ನೋಡಲು ಹೊರಟಿದ್ದೆವು. ರಸ್ತೆ ಬದಿಯಲ್ಲಿ ನಿಂತಿದ್ದ ಹಿರಿಯರೊಬ್ಬರನ್ನು ದಾರಿ ಕೇಳಿದೆವು.

"ನೇರ ಹೋಗಿ. ಕೊಡೆ ರಿಪೇರಿ ಅಂಗಡಿ ಸಿಗುತ್ತೆ. ಅಲ್ಲಿ ಎಡಕ್ಕೆ" ಎಂದರು.

ನೇರ ಹೋದೆವು. ಮೊಬೈಲ್ ಅಂಗಡಿ ಸಿಕ್ಕಿತು, ಚಿನ್ನದಂಗಡಿ ಸಿಕ್ಕಿತು, ಹಲ್ಲಿನ ಡಾಕ್ಟರ ಬೋರ್ಡು ಸಿಕ್ಕಿತು. ಕೊಡೆ ಮಾತ್ರ ಸಿಗಲಿಲ್ಲ. ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸು ಬಂದು ಅದೇ ಹಿರಿಯರನ್ನು ಕೇಳಿದೆವು.

"ಅದು ಮುಚ್ಚಿ ಬಹಳ ಕಾಲ ಆಯ್ತಲ್ಲ" ಎಂದರು, ತಪ್ಪು ನಮ್ಮದೇ ಎನ್ನುವ ಹಾಗೆ.

"ಮತ್ತೆ ಆ ಜಾಗ ನಮಗೆ ಗೊತ್ತಾಗೋದು ಹೇಗೆ?" ಎಂದರು ನನ್ನವರು.

"ಅಂಗಡಿ ಎದುರು ಒಂದು ಹಲಸಿನ ಮರ ಇತ್ತು."

"ಅದು ಈಗ ಇದೆಯಾ?"

"ಎಲ್ಲಿ ಬಂತು? ಅಂಗಡಿ ಮುಚ್ಚೋಕೆ ಮುಂಚೇನೇ ಅದನ್ನ ಕಡಿದರು."

ಕೊನೆಗೆ ನಮ್ಮನ್ನು ನೋಡಿ ಕನಿಕರ ಬಂದು ತಾವೇ ಜೊತೆಗೆ ನಡೆದು ಬಂದರು. ಆ ಕೊಡೆ ರಿಪೇರಿಯವನು ಮಳೆಗಾಲದಲ್ಲಿ ಎಷ್ಟು ಜಂಬ ಮಾಡುತ್ತಿದ್ದ, ಬೇಸಿಗೆಯಲ್ಲಿ ಹೇಗೆ ಕಂಡಕಂಡವರಿಗೆಲ್ಲ ನಮಸ್ಕಾರ ಹೊಡೆಯುತ್ತಿದ್ದ ಎಂಬುದನ್ನು ದಾರಿಯುದ್ದಕ್ಕೂ ಹೇಳಿದರು. ಮನೆ ತೋರಿಸಿದ ಮೇಲೂ ಕತೆ ಮುಗಿದಿರಲಿಲ್ಲ.

ಅದೇ ಮನೆಯಲ್ಲಿ ಕೆಲವು ವರ್ಷ ಇದ್ದೆವು. ಒಂದು ದಿನ ಕೊರಿಯರ್‌ನವನೊಬ್ಬ ಸ್ಕೂಟರ್ ನಿಲ್ಲಿಸಿ ನನ್ನನ್ನು ಯಾವುದೋ ವಿಳಾಸ ಕೇಳಿದ. ನನ್ನ ಬಾಯಿಂದ ತಾನಾಗಿಯೇ ಬಂತು: "ಕೊಡೆ ರಿಪೇರಿ ಅಂಗಡಿ ಹತ್ತಿರ ಎಡಕ್ಕೆ ಹೋಗಿ." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವನು ತಲೆಯಾಡಿಸಿ ಹೊರಟು, ಸರಿಯಾದ ಜಾಗದಲ್ಲೇ ಎಡಕ್ಕೆ ತಿರುಗಿದ.

೨. ಮಾವನವರ ಭಜನೆ

ನನ್ನವರು ಸಂಶೋಧನೆ ಮಾಡುವುದು ಮರಗೆಣಸಿನ ಮೇಲೆ. ದಿನವಿಡೀ ಅದನ್ನು ಅಳೆದು ತೂಗಿ, ಸಂಜೆ ಮನೆಗೆ ಬಂದು ರಾಗಿಮುದ್ದೆ ಉಣ್ಣುತ್ತಾರೆ. ಇದು ಗೊತ್ತಾದ ಅವರ ಸಹೋದ್ಯೋಗಿಯೊಬ್ಬರಿಗೆ ಸಹಿಸಲಾಗಲಿಲ್ಲ. "ಕಳ್ಳಿನಂಗಡಿಯಲ್ಲಿ ಬೇಯಿಸಿದ ಮರಗೆಣಸು ತಿನ್ನದೆ ನೀವು ಎಂಥ ವಿಜ್ಞಾನಿ?" ಎಂದು ಕೆಣಕಿದರು. ಇಲ್ಲಿ ಕಳ್ಳಿನಂಗಡಿಗೆ ಸಂಸಾರಸ್ಥರೂ ಊಟಕ್ಕೆಂದೇ ಹೋಗುತ್ತಾರೆ. ಅವರಿಗೆಂದು ಪರದೆ ಹಾಕಿದ ಬೇರೆ ಕೋಣೆಗಳಿರುತ್ತವೆ.

ಆಗ ಅತ್ತೆ ಊರಿನಿಂದ ಬಂದು ನಮ್ಮ ಜೊತೆಗಿದ್ದರು. ಬಿಟ್ಟು ಹೋಗುವ ಹಾಗಿಲ್ಲ, ಬನ್ನಿ ಎನ್ನಲು ಬಾಯಿಲ್ಲ. ನಾವು ಪಿಸುಗುಟ್ಟುವುದನ್ನು ಕೇಳಿಸಿಕೊಂಡ ಅತ್ತೆ, "ನಾನೂ ಬತ್ತೀನಿ ನಡೀರಿ. ಅದೇನೈತೋ ನೋಡಾಣ" ಎಂದು ಸೀರೆ ಬದಲಾಯಿಸಿ ಬಂದೇಬಿಟ್ಟರು.

ಅಲ್ಲಿ ತಿರುಗುವ ಫ್ಯಾನು, ಒರೆಸಿದ ಮೇಜು, ಪಕ್ಕದ ಕೋಣೆಯಲ್ಲಿ ಮಗುವಿಗೆ ತುತ್ತು ಕೊಡುತ್ತಿದ್ದ ತಾಯಿ ಎಲ್ಲವನ್ನೂ ಅತ್ತೆ ಕಣ್ಣರಳಿಸಿ ನೋಡಿದರು. ಮೀನಿನ ಸಾರು ಬೇಡವೆಂದು, ಮರಗೆಣಸಿಗೆ ಖಾರದ ಚಟ್ನಿ ಹಾಕಿಸಿಕೊಂಡು ತಿನ್ನುತ್ತಾ ಸಮಾಧಾನವಾಗಿ ಹೇಳಿದರು: "ನಿಮ್ಮಪ್ಪ ಹೋಗ್ತಿದ್ದ ಹೆಂಡದಂಗಡೀಲಿ ಒಂದು ಬೆಂಚೂ ನೆಟ್ಟಗಿರ್ಲಿಲ್ಲ ಕಣೋ."

ನನ್ನವರ ಕೈಯಲ್ಲಿದ್ದ ತುತ್ತು ಅರ್ಧದಲ್ಲೇ ನಿಂತಿತು. "ಅಪ್ಪ ಹೆಂಡದಂಗಡಿಗೆ ಹೋಗ್ತಿದ್ರಾ? ಶನಿವಾರ ಶನಿವಾರ ಭಜನೆಗೆ ಹೋಗ್ತಾರೆ ಅಂತಿದ್ದೆ ನೀನು."

"ಭಜನೇಗೂ ಹೋಗೋರು. ಮೊದ್ಲು ಅಲ್ಲಿಗೆ ಹೋಗ್ದಿದ್ರೆ ಅವರಿಗೆ ಸ್ವರ ಏಳ್ತಿರ್ಲಿಲ್ಲ."

ನನ್ನವರು ತುತ್ತನ್ನು ತಟ್ಟೆಗೇ ಇಳಿಸಿದರು. ತಂದೆಯ ಭಕ್ತಿಯ ಬಗ್ಗೆ ನಮ್ಮ ಮಗಳಿಗೆ ಅವರು ಎಷ್ಟೋ ಸಲ ಹೇಳಿದ್ದರು. ಸುಮ್ಮನಿರುವುದು ನನ್ನ ಜಾಯಮಾನವಲ್ಲ. "ಬೆಂಚು ನೆಟ್ಟಗಿರಲಿಲ್ಲ ಅನ್ನೋದು ನಿಮಗೆ ಹೇಗೆ ಗೊತ್ತಾಯ್ತು ಅತ್ತೆ?" ಎಂದು ಕೇಳಿದೆ.

ಅತ್ತೆ ತಟ್ಟೆಯನ್ನು ನನ್ನತ್ತ ತಳ್ಳಿ, "ಗೆಣಸು ಚೆನ್ನಾಗೈತೆ, ಇನ್ನೊಂಚೂರು ಹಾಕಿಸು" ಎಂದರು.

೩. ಮೂಲೆಯ ಕುರ್ಚಿ

ಆಮೇಲೆ ನನಗೆ ಕೊಚ್ಚಿಗೆ ವರ್ಗವಾಯಿತು. ನಾನು, ಮಗಳು ಅಲ್ಲಿನ ಪಾಲಾರಿವಟ್ಟಂನಲ್ಲಿ ಮನೆ ಮಾಡಿದೆವು. ನನ್ನವರು ಪ್ರತಿ ಶನಿವಾರ ಶ್ರೀಕಾರ್ಯಂನಿಂದ ಹೊರಟು ಕೊಚ್ಚಿಯ ವೈಟ್ಟಿಲದಲ್ಲಿ ಬಸ್ಸಿಳಿಯುತ್ತಾರೆ.

ನನ್ನ ಶಾಖೆ ಇರುವ ಜಾಗದಲ್ಲಿ ಹಿಂದೆ ಒಂದು ಬಾರ್ ಇತ್ತು. ಇದನ್ನು ಮೇಲಧಿಕಾರಿಗಳು ನನಗೆ ಹೇಳಿರಲಿಲ್ಲ, ಗ್ರಾಹಕರು ಹೇಳಿದರು. ವಯಸ್ಸಾದವರೊಬ್ಬರು ಬಂದು, ಟೋಕನ್ ಕೂಡ ತೆಗೆದುಕೊಳ್ಳದೆ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ನಾನೇ ಎದ್ದು ಹೋಗಿ ಏನಾಗಬೇಕಿತ್ತೆಂದು ವಿಚಾರಿಸಿದೆ.

"ಏನೂ ಇಲ್ಲ ಮೇಡಂ. ಸ್ವಲ್ಪ ಹೊತ್ತು ಕೂತು ಹೋಗ್ತೀನಿ. ಇದು ನನ್ನ ಜಾಗ" ಎಂದರು. ಆಮೇಲೆ ಒಂದೊಂದಾಗಿ ತೋರಿಸಿದರು. ಕ್ಯಾಷ್ ಕೌಂಟರ್ ಇರುವಲ್ಲಿ ಬಾಟಲಿಗಳ ಕಪಾಟು. ಲಾಕರ್ ಕೋಣೆಯಲ್ಲಿ ಅಡಿಗೆಮನೆ. ನಾನು ಕೂರುವ ಕಡೆ ಐಸ್ ಪೆಟ್ಟಿಗೆ.

ನನಗೆ ಕುತೂಹಲ ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತು, "ಆಮೇಲೆ?" ಎಂದೆ.

"ನನ್ನ ಬದುಕಿನ ತಪ್ಪು ನಿರ್ಧಾರಗಳನ್ನೆಲ್ಲ ಈ ಮೂಲೆಯಲ್ಲೇ ಕೂತು ಮಾಡಿದ್ದು ಮೇಡಂ. ಗದ್ದೆ ಮಾರಿದ್ದು ಇಲ್ಲೇ. ಲಾರಿ ಕೊಂಡದ್ದು ಇಲ್ಲೇ. ಭಾಮೈದನನ್ನ ಪಾಲುದಾರ ಮಾಡಿಕೊಂಡದ್ದೂ ಇಲ್ಲೇ" ಎಂದು ನಿಟ್ಟುಸಿರು ಬಿಟ್ಟರು.

ಆ ತಿಂಗಳು ನಮಗೆ ವಿಮೆ ಪಾಲಿಸಿ ಮಾರುವ ಗುರಿ ಮುಟ್ಟಿರಲಿಲ್ಲ. ನಾನು ಮಾತಿನ ನಡುವೆ ಒಂದು ಪಾಲಿಸಿಯ ವಿಷಯ ತೆಗೆದೆ. ಅವರು ಕನ್ನಡಕವನ್ನೂ ಹಾಕಿಕೊಳ್ಳದೆ, ಅದೇ ಕುರ್ಚಿಯಲ್ಲಿ ಕೂತು ಸಹಿ ಹಾಕಿಕೊಟ್ಟರು.

೪. ಏನೂ ನೆನಪಿಲ್ಲದ ನ್ಯಾಯಾಧೀಶೆ

ಪಾಲಾರಿವಟ್ಟಂನಲ್ಲಿ ನಾವಿರುವುದು ಮಹಡಿ ಮನೆಯಲ್ಲಿ, ಕೆಳಗೆ ಮಾಲೀಕರು. ಅವರನ್ನು ಬೀದಿಯವರೆಲ್ಲ ಅಪ್ಪಚ್ಚನ್ ಎನ್ನುತ್ತಾರೆ, ಅವರ ಹೆಂಡತಿಯನ್ನು ಅಮ್ಮಚ್ಚಿ. ಅಪ್ಪಚ್ಚನ್ನರ ಜೀವದ ಗೆಳೆಯರೆಂದರೆ ಎದುರುಮನೆಯ ನಿವೃತ್ತ ಮೇಷ್ಟ್ರು. ಇಬ್ಬರೂ ಸಂಜೆ ಗೇಟಿನ ಪಕ್ಕದ ಕಟ್ಟೆಯಲ್ಲಿ ಕೂತು ಒಂದೇ ಪೇಪರನ್ನು ಹಂಚಿಕೊಂಡು ಓದುತ್ತಿದ್ದರು.

ಅಪ್ಪಚ್ಚನ್ನರ ಬಾಯಲ್ಲಿ ಒಂದು ಕತೆ ಸದಾ ಸಿದ್ಧ. "ಜಂಕ್ಷನ್ನಿನಲ್ಲಿ ಒಂದು ಬೇಕರಿ ಇತ್ತು ಮೇಡಂ. ಅಲ್ಲೇ ನಾನು ಇವಳನ್ನ ಮೊದಲು ನೋಡಿದ್ದು. ನೀಲಿ ಸೀರೆ ಉಟ್ಟು ಪಫ್ಸ್ ತಿಂತಿದ್ದಳು. ಚೂರು ಸೀರೆ ಮೇಲೆ ಬಿತ್ತು, ಕೊಡವಿಕೊಂಡು ನಕ್ಕಳು. ಮದುವೆ ಅಂತ ಆದರೆ ಇವಳನ್ನೇ ಅಂದುಕೊಂಡೆ." ಈ ಕತೆ ಶುರುವಾದ ಕೂಡಲೇ ಅಮ್ಮಚ್ಚಿಗೆ ಒಳಗೆ ಏನೋ ಕೆಲಸ ನೆನಪಾಗುತ್ತಿತ್ತು. ಪಾಪ, ನಾಚಿಕೆ ಎಂದುಕೊಂಡಿದ್ದೆ.

ಹೋದ ಓಣಂಗೆ ಬೀದಿಯ ಸಂಘದವರು ಹಳೆಯ ಪಾಲಾರಿವಟ್ಟಂನ ಅಂಗಡಿ, ಹೋಟೆಲು, ಬಾರುಗಳನ್ನೆಲ್ಲ ಒಂದು ದೊಡ್ಡ ಬಟ್ಟೆಯ ಮೇಲೆ ಬರೆಸಿ ತೂಗುಹಾಕುವುದೆಂದು ನಿರ್ಧರಿಸಿದರು. ಚಿತ್ರ ಬರೆಯುವ ಕೆಲಸ ನನ್ನ ಮಗಳಿಗೆ ಬಂತು. ಅದೇ ದಿನ ಅಪ್ಪಚ್ಚನ್, ಅಮ್ಮಚ್ಚಿಯ ಮದುವೆಗೆ ಐವತ್ತು ವರ್ಷ ತುಂಬುವುದರಿಂದ ಅಲ್ಲೇ ಕೇಕ್ ಕತ್ತರಿಸುವುದೆಂದೂ ಆಯಿತು.

ಅಪ್ಪಚ್ಚನ್ ಬಟ್ಟೆಯ ಮೇಲೆ ಬೆರಳಿಟ್ಟು, "ಇಲ್ಲಿ ಬೇಕರಿ ಬರಿ" ಎಂದರು.

"ಅಲ್ಲಿ ಬಾಡಿಗೆ ಸೈಕಲ್ ಅಂಗಡಿ ಇತ್ತು" ಎಂದರು ಮೇಷ್ಟ್ರು. "ಆಗ ಇಡೀ ಜಂಕ್ಷನ್ನಿನಲ್ಲಿ ಬೇಕರಿ ಅನ್ನೋದೇ ಇರಲಿಲ್ಲ." ಸಾಲದ್ದಕ್ಕೆ ಉಟ್ಟ ಮುಂಡು ಪಂಚೆ ಮೇಲೆತ್ತಿ ಮೊಣಕಾಲು ತೋರಿಸಿದರು. "ಆ ಅಂಗಡಿಯ ಸೈಕಲ್ಲಿಂದ ಬಿದ್ದ ಗಾಯ ಇದು. ಬೇಕಾದರೆ ಮುಟ್ಟಿ ನೋಡು."

"ಬೀಳೋಕೆ ನಿನಗೆ ಅಂಗಡಿ ಬೇರೆ ಬೇಕಾ? ಎಲ್ಲಿ ಬಿಟ್ಟರೂ ಬೀಳ್ತಿದ್ದೆ ನೀನು."

ಮಾತಿಗೆ ಮಾತು ಬೆಳೆಯಿತು. ಮರುದಿನದಿಂದ ಕಟ್ಟೆ ಖಾಲಿ. ಅಪ್ಪಚ್ಚನ್ ಮನೆಯಲ್ಲೇ ಕೂತು ಘೋಷಿಸಿದರು: "ಬೇಕರಿ ಇರಲಿಲ್ಲ ಅಂದರೆ ಇಷ್ಟು ವರ್ಷ ನಾನು ಹೇಳಿದ್ದೆಲ್ಲ ಸುಳ್ಳು ಅಂತಾಯ್ತು. ಬೇಕರಿ ಇಲ್ಲದ ಮೇಲೆ ಕೇಕ್ ಎಲ್ಲಿಂದ ಬಂತು? ಸಮಾರಂಭ ಬೇಡ." ದೂರದೂರಿನಿಂದ ಹೊರಟಿದ್ದ ಮಕ್ಕಳು ಫೋನ್ ಮಾಡಿ ಗೋಗರೆದರು. ಅವರು ಜಗ್ಗಲಿಲ್ಲ.

ಸಂಘದ ಸಭೆ ಸೇರಿತು. ಯಾರನ್ನು ಕೇಳಿದರೂ ಒಂದಲ್ಲ ಒಂದು ಕಡೆ ವಾಲುತ್ತಿದ್ದರು. ಕೊನೆಗೆ ಅಧ್ಯಕ್ಷರು, "ತೀರ್ಪು ಬ್ಯಾಂಕಿನ ಮೇಡಂ ಕೊಡಲಿ. ಅವರು ಇಲ್ಲಿ ಹುಟ್ಟಿದವರಲ್ಲ, ಹಳೆಯದು ಏನೂ ನೆನಪಿಲ್ಲ, ಹಾಗಾಗಿ ಪಕ್ಷಪಾತವಿಲ್ಲ" ಎಂದರು.

ನನ್ನ ಮಗಳು ಮಲಯಾಳದಲ್ಲಿ, "ಅಮ್ಮನಿಗೆ ಬೆಳಗ್ಗೆ ಮೊಬೈಲ್ ಎಲ್ಲಿಟ್ಟೆ ಅನ್ನೋದೂ ನೆನಪಿರಲ್ಲ" ಎಂದಳು.

"ಇನ್ನೂ ಒಳ್ಳೆಯದು" ಎಂದು ಅಧ್ಯಕ್ಷರು ಸಭೆ ಮುಗಿಸಿದರು.

೫. ಅಮ್ಮಚ್ಚಿಯ ಸಾಕ್ಷಿ

ಪೀಕಲಾಟಕ್ಕೆ ಸಿಕ್ಕಿಕೊಂಡೆ. ಜಂಕ್ಷನ್ನಿನ ಹಳಬರನ್ನೆಲ್ಲ ವಿಚಾರಿಸಿದೆ. ಆ ಜಾಗದಲ್ಲಿ ಒಬ್ಬರ ಪ್ರಕಾರ ಕ್ಷೌರದಂಗಡಿ, ಇನ್ನೊಬ್ಬರ ಪ್ರಕಾರ ಸೌದೆ ಡಿಪೋ, ಮತ್ತೊಬ್ಬರ ಪ್ರಕಾರ ಬರೀ ಚರಂಡಿ. ಬಾರ್ ಎಲ್ಲಿತ್ತು ಎಂಬ ವಿಷಯದಲ್ಲಿ ಮಾತ್ರ ಇಡೀ ಊರಿಗೆ ಒಂದೇ ಅಭಿಪ್ರಾಯ.

ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಏನಾದರೂ ಹೇಳಿ ಜಾರಿಕೊಳ್ಳೋಣ ಎಂದುಕೊಳ್ಳುತ್ತಿರುವಾಗ ಅಮ್ಮಚ್ಚಿ ಅಡಿಗೆಮನೆಗೆ ಕರೆದರು. ಅವರು ನನ್ನನ್ನು ಮಗಳೆಂಬ ಅಕ್ಕರೆಯಿಂದ ಮೋಳೇ ಎನ್ನುತ್ತಾರೆ.

"ಏನು ತೀರ್ಪು ಕೊಡ್ತೀಯ ಮೋಳೇ?"

"ಒಂದೂ ತಿಳೀತಿಲ್ಲ ಅಮ್ಮಚ್ಚಿ. ನೀವೇ ಹೇಳಿಬಿಡಿ. ಬೇಕರಿ ಇತ್ತಾ, ಇರಲಿಲ್ವಾ?"

"ಇತ್ತು."

ಅಬ್ಬಾ ಎಂದು ಉಸಿರು ಬಿಟ್ಟೆ.

"ತಿರುವನಂತಪುರದಲ್ಲಿ" ಎಂದರು ಅಮ್ಮಚ್ಚಿ, ತಲೆಯೆತ್ತದೆ ಹುರುಳಿಕಾಯಿ ಹೆಚ್ಚುತ್ತಾ. "ನನಗಿಂತ ಮುಂಚೆ ಇವರು ಅಲ್ಲಿ ಒಬ್ಬ ಹುಡುಗಿಯನ್ನ ನೋಡೋಕೆ ಹೋಗಿದ್ರು. ಬೇಕರಿಯಲ್ಲೇ ತೋರಿಸಿದ್ರಂತೆ. ನೀಲಿ ಸೀರೆ ಅವಳದು. ಪಫ್ಸ್ ಅವಳದು. ಚೂರು ಬಿದ್ದದ್ದೂ ಅವಳ ಸೀರೆ ಮೇಲೆ. ಅವಳು ಇವರನ್ನ ಒಪ್ಪಲಿಲ್ಲ. ನಮ್ಮ ಮದುವೆಯಾದ ಹೊಸದರಲ್ಲಿ ಇವರೇ ಹೇಳಿದ್ದು ಇದನ್ನೆಲ್ಲ. ವರ್ಷ ಕಳೆದ ಹಾಗೆ ಅವಳ ಮುಖ ಹೋಗಿ ನನ್ನ ಮುಖ ಬಂತು. ಬೇಕರಿ ಬಸ್ಸು ಹತ್ತಿ ಪಾಲಾರಿವಟ್ಟಂಗೆ ಬಂತು."

"ನೀವು ಯಾಕೆ ತಿದ್ದಲಿಲ್ಲ?"

"ಮೊದಮೊದಲು ಮೈಯೆಲ್ಲ ಉರೀತಿತ್ತು. ಒಳಗೆ ಬಂದು ಪಾತ್ರೆ ಕುಕ್ಕುತ್ತಿದ್ದೆ. ಆಮೇಲೆ ಯೋಚನೆ ಮಾಡಿದೆ. ಇವರು ನನ್ನನ್ನ ನೋಡೋಕೆ ನಮ್ಮ ಮನೆಗೆ ಬಂದಾಗ ನಾನು ಬಾವಿ ಹತ್ತಿರ ಕುಕ್ಕರಗಾಲಲ್ಲಿ ಕೂತು ಮೀನು ಕ್ಲೀನ್ ಮಾಡ್ತಿದ್ದೆ. ಹೇಳಿದ್ದಕ್ಕಿಂತ ಒಂದು ಗಂಟೆ ಮೊದಲೇ ಬಂದುಬಿಟ್ಟಿದ್ರು. ಅದನ್ನ ಬಟ್ಟೆ ಮೇಲೆ ಬರೆಸೋಕಾಗುತ್ತಾ? ಅದಕ್ಕಿಂತ ನೀಲಿ ಸೀರೆಯೇ ವಾಸಿ ಅನ್ನಿಸ್ತು."

ನನಗೆ ನಗು ಬಂತು, ಜೊತೆಗೆ ಕಣ್ಣೂ ತುಂಬಿತು. ಹುರುಳಿಕಾಯಿ ಹೆಚ್ಚಲು ನಾನೂ ಒಂದು ಚಾಕು ತೆಗೆದುಕೊಂಡೆ.

ಓಣಂ ದಿನ ಬಟ್ಟೆಯ ಮುಂದೆ ನಿಂತು ತೀರ್ಪು ಹೇಳಿದೆ. "ಮೇಷ್ಟ್ರು ಹೇಳಿದ ಜಾಗದಲ್ಲಿ ಸೈಕಲ್ ಅಂಗಡಿ ಇತ್ತು. ಅಪ್ಪಚ್ಚನ್ ಹೇಳಿದ ಬೇಕರಿಯೂ ಇತ್ತು. ಆದರೆ ಅದು ಇನ್ನೂ ಸ್ವಲ್ಪ ದಕ್ಷಿಣಕ್ಕೆ." ಮಗಳು ಬಟ್ಟೆಯ ಕೆಳಗಿನ ಅಂಚಿನಲ್ಲಿ ಗಾಜಿನ ಕಪಾಟು, ಪಫ್ಸು, ನೀಲಿ ಸೀರೆ ಎಲ್ಲವನ್ನೂ ಚೆಂದವಾಗಿ ಬರೆದಿದ್ದಳು. ಎಷ್ಟು ದಕ್ಷಿಣಕ್ಕೆ ಎಂದು ಯಾರೂ ಕೇಳಲಿಲ್ಲ. ಆ ಸ್ವಲ್ಪ ದೂರವನ್ನು ನನ್ನವರು ವಾರವಾರವೂ ಅರ್ಧ ದಿನ ಬಸ್ಸಿನಲ್ಲಿ ಕೂತು ಬರುತ್ತಾರೆ.

"ಸೈಕಲ್ ಅಂಗಡಿ ಅಂತ ನಾನು ಹೇಳಲಿಲ್ವಾ?" ಎಂದರು ಮೇಷ್ಟ್ರು.

"ಬೇಕರಿ ಅಂತ ನಾನು ಹೇಳಲಿಲ್ವಾ?" ಎಂದರು ಅಪ್ಪಚ್ಚನ್.

ಇಬ್ಬರೂ ಗೆದ್ದು ಒಂದೇ ಬೆಂಚಿನಲ್ಲಿ ಕೂತರು. ಕೇಕ್ ಕತ್ತರಿಸಿದ್ದಾಯಿತು. ಅಪ್ಪಚ್ಚನ್ ಮೈಕ್ ಹಿಡಿದು ನೀಲಿ ಸೀರೆಯ ಕತೆ ಶುರುಮಾಡಿದರು. ಈ ಸಲ ಅಮ್ಮಚ್ಚಿ ಒಳಗೆ ಹೋಗಲಿಲ್ಲ. ಕೇಕಿನ ತಟ್ಟೆ ಹಿಡಿದು ನನ್ನ ಪಕ್ಕದಲ್ಲೇ ನಗುತ್ತಾ ಕೂತಿದ್ದರು.

"ಈಗ ಬೇಜಾರಾಗಲ್ವಾ ಅಮ್ಮಚ್ಚಿ?" ಎಂದು ಮೆಲ್ಲಗೆ ಕೇಳಿದೆ.

"ಇಲ್ಲ ಮೋಳೇ. ಹೋದ ವರ್ಷ ತಿರುವನಂತಪುರಕ್ಕೆ ಒಂದು ಮದುವೆಗೆ ಹೋಗಿದ್ನಲ್ಲ, ಆಗ ವಿಚಾರಿಸಿಕೊಂಡು ಅವಳ ಮನೆಗೇ ಹೋಗಿ ನೋಡಿ ಬಂದೆ."

"ಹೌದಾ? ಹೇಗಿದ್ದಾರೆ?"

ಅಮ್ಮಚ್ಚಿ ಕೇಕಿನ ದೊಡ್ಡ ತುಂಡೊಂದನ್ನು ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದು ನುಂಗಿ ಹೇಳಿದರು: "ಸಕ್ಕರೆ ಕಾಯಿಲೆ. ಬೇಕರಿ ಕಡೆ ತಲೆ ಹಾಕೋ ಹಾಗಿಲ್ಲ."