ಎಲ್ಲರನ್ನೂ ಕೇಳಿ ಬಸ್ಸು ಓಡಿಸಿದವರು

ನಮ್ಮ ಚಿಕ್ಕಪ್ಪನಿಗೆ ಸ್ವಂತ ಬುದ್ಧಿಯೊಂದನ್ನು ಬಿಟ್ಟು ಉಳಿದ ಎಲ್ಲರ ಬುದ್ಧಿಯೂ ಇತ್ತು! ಇದು ನನ್ನ ಮಾತಲ್ಲ, ಕುರುಗೋಡಿನ ಬಸ್‌ಸ್ಟ್ಯಾಂಡಿನ ಮಾತು. ಬಳ್ಳಾರಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನಮ್ಮಪ್ಪನ ಮಾತೂ ಅದೇ. ನಗುವವರು ಈಗಲೇ ನಕ್ಕುಬಿಡಿ, ನನಗೇನೂ ಬೇಸರವಿಲ್ಲ. ಆದರೆ ಪೂರ್ತಿ ಕೇಳದೆ ಎದ್ದು ಹೋದಿರೋ, ನೋಡಿ ಮತ್ತೆ!

ಎಪ್ಪತ್ತರ ದಶಕದ ಸಂಗತಿ. ಬಳ್ಳಾರಿಯಿಂದ ಕೊಳಗಲ್ಲು, ಕುರುಗೋಡು ಹಾದು ಸಿರುಗುಪ್ಪಕ್ಕೆ ಹೋಗಿಬರುವ ಬಸ್ಸೊಂದು ನಮ್ಮದಿತ್ತು. ನಮ್ಮದು ಅಂದರೆ ಅಪ್ಪ ಮತ್ತು ಚಿಕ್ಕಪ್ಪ ಇಬ್ಬರದೂ. ಇದ್ದದ್ದು ಒಂದೇ ಬಸ್ಸು. ಆದರೂ ಅದರ ಹಣೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ಟ್ರಾನ್ಸ್‌ಪೋರ್ಟ್ ಕಂಪನಿ' ಅಂತ ಬರೆಸಿದ್ದರು. ಒಂದು ಬಸ್ಸಿಗೆ ಕಂಪನಿ ಅನ್ನೋ ಹೆಸರು ಯಾಕೆ ಅಂತ ಯಾರಾದರೂ ಕೆಣಕಿದರೆ ಚಿಕ್ಕಪ್ಪ, "ಡ್ರೈವರ್ ಅದಾನ, ಕಂಡಕ್ಟರ್ ಅದಾನ, ಹತ್ತಿ ಇಳಿಯೋ ಮಂದಿ ಅದಾರ. ಇಷ್ಟು ಜನ ಕೂಡಿದ್ರ ಕಂಪನಿ ಅಲ್ಲೇನು?" ಅನ್ನುತ್ತಿದ್ದರು. ತಮಾಷೆಗೆ ಅಂತಾರೆ ಅಂದುಕೊಂಡಿದ್ದೆವು. ಪುಣ್ಯಾತ್ಮ, ನಿಜಕ್ಕೂ ಹಾಗೇ ನಂಬಿದ್ದರು!

ನಾನಾಗ ಟೈಪಿಂಗ್ ಪರೀಕ್ಷೆ ಪಾಸಾಗಿ, ಕೆಲಸ ಸಿಗದೆ ಬಳ್ಳಾರಿಯ ಮನೆಯಲ್ಲಿ ಕೂತಿದ್ದೆ. ಅಪ್ಪ ನನ್ನನ್ನು ಕುರುಗೋಡಿಗೆ, ಅಲ್ಲಿದ್ದು ಬಸ್ಸು ನಡೆಸುತ್ತಿದ್ದ ಚಿಕ್ಕಪ್ಪನ ಬಳಿಗೆ ಕಳಿಸಿದರು. ಹೆಸರಿಗೆ ಕಂಪನಿಯ ಕಾಗದಪತ್ರ ಟೈಪು ಮಾಡುವ ಕೆಲಸ. ಅಸಲು ಕೆಲಸ ಬೇರೆಯೇ ಇತ್ತು. "ನಿಮ್ಮ ಚಿಕ್ಕಪ್ಪ ಯಾರ್ಯಾರ ಮಾತು ಕೇಳಿ ಏನೇನು ಮಾಡ್ತಾನ ಅನ್ನೋದು ವಾರಕ್ಕೊಮ್ಮೆ ನನಗ ತಿಳೀಬೇಕು" ಎಂದು ಹೇಳಿ ಕಳಿಸಿದ್ದರು. ಬೇಹುಗಾರಿಕೆ ಅಂದರೆ ಇದೇ ತಾನೆ? ನಾನೂ ಬಲು ಗಂಭೀರವಾಗಿ ಟ್ರಂಕು ಹಿಡಿದು ಹೊರಟೆ.

ನಮ್ಮ ಕಡೆ ಅಮಾವಾಸ್ಯೆ ಬಂತೆಂದರೆ ಅಂಗಡಿ, ಗಿರಣಿ, ಗಾಡಿ ಎಲ್ಲದಕ್ಕೂ ಪೂಜೆ. ಅವತ್ತು ನಮ್ಮ ಬಸ್ಸು ಬೆಳಗಿನ ಟ್ರಿಪ್ ಮುಗಿಸಿ, ಮೈ ತೊಳೆಸಿಕೊಂಡು, ಕೊರಳಿಗೆ ಹೂವಿನ ಹಾರ ಹಾಕಿಸಿಕೊಂಡು ಬಸ್‌ಸ್ಟ್ಯಾಂಡಿನ ಪಕ್ಕದ ದಿಬ್ಬದ ಮೇಲೆ ನಿಲ್ಲುತ್ತಿತ್ತು. ಬೇರೆ ಮಾಲೀಕರು ಕಾಯಿ ಒಡೆದು ಮನೆಗೆ ಹೋಗುತ್ತಿದ್ದರು. ನಮ್ಮ ಚಿಕ್ಕಪ್ಪ ಸಭೆ ಕರೆಯುತ್ತಿದ್ದರು. ಎಲ್ಲಿ? ಬಸ್ಸಿನೊಳಗೇ! ಯಾರು ಬರಬಹುದು? ಯಾರು ಬೇಕಾದರೂ! ಡ್ರೈವರ್ ಖಾಸೀಂಸಾಬ್, ಕಂಡಕ್ಟರ್ ಪಂಪಣ್ಣ ಬಂದರೆ ಸರಿ, ಅವರು ಕಂಪನಿಯವರು. ಸಂತೆಗೆ ಬದನೆಕಾಯಿ ಒಯ್ಯುವ ಹುಲಿಗೆಮ್ಮ, ಸಾಲಿ ಮೇಷ್ಟ್ರು, ದವಾಖಾನೆಗೆ ಹೋಗಿಬರುವ ಮುದುಕರು, ಇವರೆಲ್ಲ ಕೂತು ಕಂಪನಿ ಮುಂದೆ ಹೇಗೆ ನಡೆಯಬೇಕು ಅಂತ ತೀರ್ಮಾನ ಮಾಡೋದೇ? ಯಾವ ಹಕ್ಕಿನ ಮೇಲೆ? "ಟಿಕೀಟ್ ತಗೊಂಡಾರಲ್ಲ!" ಅನ್ನುವುದು ಚಿಕ್ಕಪ್ಪನ ಉತ್ತರ.

ಸಭೆಗೊಂದು ಕಾಯಿದೆಯೂ ಇತ್ತು. ಮಾತಾಡುವವರು ಡ್ರೈವರ್ ಸೀಟಿನಲ್ಲಿ ಕೂತು, ಸ್ಟೇರಿಂಗ್ ಹಿಡಿದೇ ಮಾತಾಡಬೇಕು. ಮಾಲೀಕರು ಎಲ್ಲರಿಗಿಂತ ಹಿಂದಿನ ಉದ್ದ ಸೀಟಿನಲ್ಲಿ ಕೂತು ಕೇಳಬೇಕು. "ಸ್ಟೇರಿಂಗ್ ಕೈಯಾಗ ಬಂದ್ರ ಎಂಥಾ ಹುಡುಗಾಟದ ಮನುಷ್ಯಾಗೂ ಜವಾಬ್ದಾರಿ ಬರತೈತಿ ನೋಡವ್ವಾ" ಎಂದು ನನಗೆ ತಿಳಿಹೇಳಿದ್ದರು. ಮಾತು ಮುಗಿದ ಮೇಲೆ ಒಮ್ಮೆ ಹಾರನ್ ಒತ್ತಿ ಇಳಿದರೆ ಮಂಡಾಳು ಒಗ್ಗರಣಿ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ಜೊತೆಗೆ ಬಿಸಿ ಮಿರ್ಚಿ ಬಜ್ಜಿ. ಹುಲಿಗೆಮ್ಮನಂತೂ ಹಾರನ್ ಮೂರು ಸಲ ಒತ್ತಿ ಮೂರು ಮಿರ್ಚಿ ಕೇಳುತ್ತಿದ್ದಳು!

ನಾನು ಕಿಟಕಿ ಪಕ್ಕ ಕೂತು ಎಲ್ಲರ ಸಲಹೆ ಬರೆದುಕೊಳ್ಳುತ್ತಿದ್ದೆ. ಮೆಟ್ಟಿಲು ಎತ್ತರವಾಯಿತು, ಸೀರೆ ಉಟ್ಟು ಹತ್ತಲಾಗುವುದಿಲ್ಲ ಎಂದು ಹೆಂಗಸರು ಹೇಳಿದರು. ಮರುದಿನವೇ ಬಡಿಗೇರನಿಂದ ಒಂದು ಮಣೆ ಬಂತು. ಬಸ್ಸು ನಿಂತಲ್ಲೆಲ್ಲ ಪಂಪಣ್ಣ ಮೊದಲು ಇಳಿದು ಮಣೆ ಹಾಕಬೇಕು, ಕೊನೆಗೆ ಎತ್ತಿಕೊಂಡು ಹತ್ತಬೇಕು. "ಎಸೆಸೆಲ್ಸಿ ಪಾಸಾಗೀನ್ರಿ ನಾನು, ಬೀಗರಿಗೆ ಹಾಕಿದಂಗ ಮಣಿ ಹಾಕ್ಕೊಂತ ಹೊಂಟೀನಲ್ರಿ!" ಎಂದು ಅವನು ಗೋಳಾಡಿದ. "ಹಾಕು, ಹಾಕು. ಬೀಗರಕಿಂತ ಹೆಚ್ಚಿನೋರು ಇವ್ರು, ದಿನಾ ಬರ್ತಾರ" ಅಂದರು ಚಿಕ್ಕಪ್ಪ.

ಕೊಳಗಲ್ಲಿನ ಹಿರಿಯರೊಬ್ಬರು ಊರಾಚೆಯಿಂದಲೇ ಹಾರನ್ ಹೊಡೆದರೆ ತಾವು ತಯಾರಾಗಿ ನಿಲ್ಲಬಹುದೆಂದರು. ಅದೂ ಜಾರಿಗೆ ಬಂತು. ಏನಾಯಿತು ಗೊತ್ತೇ? ಅಲ್ಲಿಯವರೆಗೆ ಸ್ನಾನ ಮುಗಿಸಿ ಬಂದು ಕಾಯುತ್ತಿದ್ದ ಕೊಳಗಲ್ಲಿನ ಜನ, ಹಾರನ್ ಕೇಳಿದ ಮೇಲೆ ಸ್ನಾನಕ್ಕೆ ಇಳಿಯತೊಡಗಿದರು!

ಇನ್ನು ಕರೂರಿನ ಗಾದಿಲಿಂಗಪ್ಪನ ಕತೆ. ಎತ್ತಿನ ಗಾಡಿ ಹೊಡೆಯುವ ಮನುಷ್ಯ, ಮಾತಿನ ಆವೇಶ ಜಾಸ್ತಿ. ಸ್ಟೇರಿಂಗ್ ಹಿಡಿದು ಕೂತವನೇ ಹುರುಪಿನಲ್ಲಿ ಪಕ್ಕದ ಹ್ಯಾಂಡ್‌ಬ್ರೇಕನ್ನೂ ಹಿಡಿದು ಜಗ್ಗಾಡಿದ. ದಿಬ್ಬದ ಮೇಲಿದ್ದ ಬಸ್ಸು ಇಪ್ಪತ್ತು ಜನ ಸಭಾಸದರ ಸಮೇತ ಉರುಳತೊಡಗಿತು! ಹೆಂಗಸರು ಕಿರುಚಿಕೊಂಡರು. ಮೇಷ್ಟ್ರು ಮಿರ್ಚಿ ಕೈಯಲ್ಲಿ ಹಿಡಿದೇ ದೇವರ ನಾಮ ಹೇಳಿದರು. ಖಾಸೀಂಸಾಬ್ "ಯಾ ಅಲ್ಲಾ!" ಎಂದು ಜನರನ್ನು ದಾಟಿಕೊಂಡು ಮುಂದಕ್ಕೆ ನುಗ್ಗಿದ. ಹಿಂದಿನ ಸೀಟಿನಿಂದ ಚಿಕ್ಕಪ್ಪನ ದನಿ ಬಂತು: "ಹೆದರಬ್ಯಾಡೋ ಗಾದಿಲಿಂಗಪ್ಪಾ, ಮೊದಲು ಮಾತು ಮುಗಿಸು!" ಬಸ್ಸು ಒಂದು ಮರಳಿನ ಗುಡ್ಡೆಗೆ ಮುಖ ಕೊಟ್ಟು ನಿಂತಿತು. ಅಷ್ಟಕ್ಕೂ ಆ ಪುಣ್ಯಾತ್ಮ ಹೇಳಬೇಕೆಂದಿದ್ದ ಸಲಹೆ ಏನು? "ಗಾಡಿ ಭಾಳ ನಿಧಾನ ಹೊಕ್ಕೈತ್ರಿ" ಅಂತ!

ಆ ವಾರ ಅಪ್ಪನಿಗೆ ಬರೆದ ಕಾಗದದಲ್ಲಿ 'ಸಭೆ ಚೆನ್ನಾಗಿ ಸಾಗಿತು' ಎಂದಷ್ಟೇ ಟೈಪು ಮಾಡಿದೆ. ನಾನು ಯಾವಾಗ ಪಕ್ಷ ಬದಲಿಸಿದೆನೋ ನನಗೇ ತಿಳಿಯಲಿಲ್ಲ.

ಅಷ್ಟರಲ್ಲಿ ನಮ್ಮ ದಾರಿಗೆ ಬಳ್ಳಾರಿಯ ದೊಡ್ಡ ಕಂಪನಿಯೊಂದರ ಹೊಸ ಬಸ್ಸು ಬಂತು. ಮೆತ್ತನೆ ಸೀಟು, ಬಣ್ಣದ ಪರದೆ. ನಮ್ಮ ಬಸ್ಸಿಗಿಂತ ಹತ್ತು ನಿಮಿಷ ಮುಂಚೆ ಹೊರಟು ದಾರಿಯ ಜನರನ್ನೆಲ್ಲ ಬಳಿದುಕೊಂಡು ಹೋಗುತ್ತಿತ್ತು. ಹದಿನೈದು ದಿನದಲ್ಲಿ ನಮ್ಮ ಬಸ್ಸು ಖಾಲಿ ಡಬ್ಬಿಯಾಯಿತು. ಹೀಗೇ ನಡೆದರೆ ಕಂಪನಿ ಮುಚ್ಚಬೇಕು, ಖಾಸೀಂಸಾಬ್ ಮತ್ತು ಪಂಪಣ್ಣ ಮನೆಗೆ ಹೋಗಬೇಕು. ನನಗೆ ರಾತ್ರಿ ಊಟ ಸೇರುತ್ತಿರಲಿಲ್ಲ. ಚಿಕ್ಕಪ್ಪ ಮಾತ್ರ ಅಮಾವಾಸ್ಯೆಗೆ ಇನ್ನೆಷ್ಟು ದಿನ ಎಂದು ಪಂಚಾಂಗ ನೋಡುತ್ತಿದ್ದರು.

ಆ ಸಭೆಗೆ ಯಾರು ಬಂದರು ಹೇಳಿ? ಎದುರಾಳಿ ಬಸ್ಸಿನ ಡ್ರೈವರ್ ಎರ್ರಿಸ್ವಾಮಿ! ಮಿರ್ಚಿ ವಾಸನೆಗೆ ಬಾಗಿಲಲ್ಲಿ ಇಣುಕಿದವನನ್ನು ಚಿಕ್ಕಪ್ಪ ಕೈಹಿಡಿದು ಒಳಗೆ ಕರೆದು ಸ್ಟೇರಿಂಗ್ ಮುಂದೆ ಕೂರಿಸಿದರು. "ನಮ್ಮ ಬಸ್ಸಿನ್ಯಾಗ ಏನು ಕೊರತಿ ಐತಿ, ಬಿಚ್ಚಿ ಹೇಳಪ್ಪಾ." ಎರ್ರಿಸ್ವಾಮಿ ತಬ್ಬಿಬ್ಬಾದ. "ಅಯ್ಯೋ ನಾಯನಾ, ನಮ್ಮ ಕಂಪನ್ಯಾಗ ನನ್ನ ಯಾರೂ ಒಂದು ದಿನಾನೂ ಹಿಂಗ ಕೇಳಿಲ್ರಿ" ಎಂದವನು ನಮ್ಮ ಬಸ್ಸಿನ ಕೊರತೆಗಳನ್ನು ಮಿರ್ಚಿ ಆರುವ ತನಕ ಹೇಳಿದ. ಹೋಗುವಾಗ ಒಂದು ಮಾತು ಸೇರಿಸಿದ: "ಬುಟ್ಟಿ, ಗಂಟು ಇದ್ದೋರನ್ನ ಹತ್ತಿಸಬ್ಯಾಡ, ಸೀಟು ಹೊಲಸಾಕ್ಕಾವು ಅಂತ ನಮಗ ಆರ್ಡರ್ ಐತ್ರಿ."

ಹುಲಿಗೆಮ್ಮ ಎದ್ದಳು. ಸೆರಗು ಸೊಂಟಕ್ಕೆ ಸಿಗಿಸಿ, ಎರ್ರಿಸ್ವಾಮಿಯನ್ನು ಎಬ್ಬಿಸಿ, ತಾನು ಕೂತು ಹೇಳಿದಳು: "ಸಾವ್ಕಾರ್ರ, ಆ ಬಸ್ಸಿನ ಮುಂದ ಓಡಾಕ ಯಾಕ ಬಡಕೋತೀರಿ? ಹಿಂದಾ ಹೋಗ್ರಿ. ಆ ಬಸ್ಸು ಬಿಟ್ಟು ಹೋಗಿದ್ದೆಲ್ಲ ನಮ್ಮ ಮಂದೀನಾ, ನಿಮ್ಮ ಬಸ್ಸಿನ್ಯಾಗೂ ಬುಟ್ಟಿ ಇಡಾಕ ಜಾಗಾ ಇಲ್ಲಂತ ನಡಕೊಂಡು ಹೊಕ್ಕಾರ. ಹಿಂದಿನ ನಾಕು ಸೀಟು ಕಿತ್ತು ಬುಟ್ಟಿಗೆ ಜಾಗಾ ಮಾಡ್ರಿ. ಬಸ್ಸು ತುಂಬಲಿಲ್ಲಂದ್ರ ನನ್ನ ಕೇಳ್ರಿ!" ಪೋಂ, ಪೋಂ, ಪೋಂ!

ಮರುದಿನ ಸೀಟು ಕಿತ್ತರು. ಬದನೆಕಾಯಿ, ಹಾಲಿನ ಕ್ಯಾನು, ಕೋಳಿ ಬುಟ್ಟಿ, ಒಂದು ದಿನ ಮದುವೆಯ ಬಾಜಾಬಜಂತ್ರಿಯವರ ದೊಡ್ಡ ಡೋಲು, ಎಲ್ಲ ಬಂದವು. ಬಸ್ಸು ನಿಧಾನವಾಗಿ ತುಂಬತೊಡಗಿತ್ತು.

ಸೀಟು ಕಿತ್ತ ಸುದ್ದಿ ಬಳ್ಳಾರಿ ಮುಟ್ಟಿತು. ನಾನು ಬರೆದಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ! ಮುಂದಿನ ಅಮಾವಾಸ್ಯೆಗೆ ಅಪ್ಪ ಸ್ವತಃ ಬಂದಿಳಿದರು, ಕೈಯಲ್ಲಿ ಒಂದು ಕಾಗದ. ಆ ದೊಡ್ಡ ಕಂಪನಿಗೇ ಬಸ್ಸು, ಪರ್ಮಿಟ್ ಎಲ್ಲ ಮಾರುವ ಮಾತಾಗಿತ್ತು. ಅದನ್ನು ಮುಂಚೆಯೇ ಚಿಕ್ಕಪ್ಪನಿಗೆ ಬರೆದು ತಿಳಿಸಿದ್ದರು, ಅವರ ರುಜು ಒಂದು ಬಾಕಿ. ಬಸ್ಸಿನೊಳಗೆ ಸಭೆ ತುಂಬಿ ಕೂತಿತ್ತು.

"ಅಣ್ಣಾ, ಎಲ್ಲಾರನ್ನೂ ಕೇಳೀನಿ" ಎಂದರು ಚಿಕ್ಕಪ್ಪ. "ಖಾಸೀಂಸಾಬ್ ಮಾರಬ್ಯಾಡ ಅಂತಾನ. ಪಂಪಣ್ಣ ಬ್ಯಾಡ ಅಂತಾನ. ಹುಲಿಗೆಮ್ಮ..."

"ಬಾಯಿ ಮುಚ್ಚಲೇ!" ಅಪ್ಪ ಗುಡುಗಿದರು. "ಮಾಲಕ ಆಗಿ ಡ್ರೈವರ್‌ನ ಕೇಳ್ತಿ, ಬದನಿಕಾಯಿ ಮಾರಾಕಿನ್ನ ಕೇಳ್ತಿ. ನಾಚಿಕಿ ಬರಂಗಿಲ್ಲೇನು ನಿನಗ?"

ಅಣ್ಣನ ಎದುರು ಚಿಕ್ಕಪ್ಪ ತಲೆಯೆತ್ತಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅವತ್ತು ಎದ್ದು ನಿಂತರು.

"ಬರಂಗಿಲ್ಲಣ್ಣಾ! ನಮ್ಮಪ್ಪ ತೀರಿಹೋದಾಗ ನನ್ನ ಸಾಲಿ ಬಿಡಿಸಿದ್ರಿ, ನನ್ನ ಕೇಳಿದ್ರೇನು? ನನ್ನ ಲಗ್ನ ಗೊತ್ತು ಮಾಡ್ಕೊಂಡು ಬಂದ್ರಿ, ಕೇಳಿದ್ರೇನು? ಈ ಬಸ್ಸು ತಂದು ಬಾಗಲಾಗ ನಿಲ್ಲಿಸಿ ನಡಸು ಅಂದ್ರಿ, ಆವಾಗರ ಕೇಳಿದ್ರೇನು? ನೀವು ನನಗ ಕೆಟ್ಟದ್ದು ಮಾಡಿಲ್ಲ, ಅನ್ನ ಹಾಕಿ ಬೆಳೆಸೀರಿ. ಆದ್ರ ಯಾರೂ ಕೇಳ್ದ ಇದ್ರ ಹೊಟ್ಯಾಗ ಹೆಂಗ ಆಗತೈತಿ ಅಂತ ನನಗ ಗೊತ್ತೈತಿ. ಅದಕ್ಕ ನಾನು ಕೇಳ್ತೀನಿ. ಸಾಯೋತನಕ ಎಲ್ಲಾರನ್ನೂ ಕೇಳ್ತೀನಿ!"

ಅಪ್ಪ ಅಲ್ಲೇ, ಸೀಟು ಕಿತ್ತ ಜಾಗದಲ್ಲಿ, ಬುಟ್ಟಿಗಳ ನಡುವೆ ಕೆಳಗೆ ಕೂತುಬಿಟ್ಟರು. ಇಸ್ತ್ರಿ ಮಾಡಿದ ಧೋತರದ ಪರಿವೆಯೂ ಇರಲಿಲ್ಲ. ಅಲ್ಲಿಂದಲೇ ತಮ್ಮನತ್ತ ಮುಖ ಎತ್ತಿದರು.

"ತಮ್ಮಾ, ಈಗ ಕೇಳ್ತೀನಿ. ನಿನಗ ಏನನಿಸ್ತೈತಿ? ಮಾರೋಣೋ, ಬ್ಯಾಡೋ?"

ಚಿಕ್ಕಪ್ಪ ಎಂದಿನಂತೆ ಖಾಸೀಂಸಾಬ್‌ನ ಮುಖ ನೋಡಿದರು. ಅವನು ಕಣ್ಣೊರೆಸಿಕೊಳ್ಳುತ್ತ ಕಿಟಕಿಯತ್ತ ತಿರುಗಿದ. ಹುಲಿಗೆಮ್ಮನ ಕಡೆ ನೋಡಿದರು.

"ನನ್ನ ಯಾಕ ನೋಡ್ತೀರಿ ಸಾವ್ಕಾರ್ರ?" ಅಂದಳು ಆಕೆ. "ಅವ್ರು ನಿಮ್ಮನ್ನ ಕೇಳಾಕ ಹತ್ಯಾರ."

ಚಿಕ್ಕಪ್ಪ ಅಣ್ಣನ ಕಡೆ ತಿರುಗಿದರು. "ಬ್ಯಾಡಣ್ಣಾ" ಎಂದರು. ಅಷ್ಟೇ ಅಂದದ್ದು. ಆಮೇಲೆ ಐವತ್ತು ದಾಟಿದ ಆ ಮನುಷ್ಯ ಅಣ್ಣನ ಪಕ್ಕದಲ್ಲಿ ಕುಸಿದು ಕೂತು ಸಣ್ಣ ಹುಡುಗನಂತೆ ಅತ್ತರು. ಅಪ್ಪ ಕಾಗದವನ್ನು ಜೇಬಿಗೆ ತುರುಕಿ, ತಮ್ಮನ ತಲೆಯನ್ನು ಹೆಗಲಿಗೆ ಒರಗಿಸಿಕೊಂಡು, "ಬ್ಯಾಡಂದ್ರ ಬ್ಯಾಡ ಬಿಡಪ್ಪಾ" ಎಂದರು.