ಹೆಸರಿಗಾಗಿ ಹಟ ಹಿಡಿದ ಮಾಮ

ನಮ್ಮ ಸೋದರಮಾವ ಐವತ್ತೆರಡನೇ ವಯಸ್ಸಿನಲ್ಲಿ ಕೆಟ್ಟುಹೋದ. ಕುಡಿತದಿಂದಲ್ಲ, ಇಸ್ಪೀಟಿನಿಂದಲ್ಲ, ಕ್ಯಾಂಟನೀಸ್ ಭಾಷೆಯಿಂದ! ಕೊಟ್ಟೂರಿನಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟವನು, ದಾವಣಗೆರೆ ದಾಟಿದರೆ ನೀರು ಒಗ್ಗುವುದಿಲ್ಲ ಎನ್ನುವವನು, ಹಾಂಗ್‌ಕಾಂಗಿನಿಂದ ಕೆಟ್ಟ ಎಂದರೆ ಯಾರು ನಂಬುತ್ತಾರೆ? (ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು, ಆದ್ದರಿಂದ ಏಕವಚನ. ತಪ್ಪು ತಿಳಿಯಬೇಡಿ.)

ಅಪರಾಧ ನನ್ನದೇ. ಹಗರಿಬೊಮ್ಮನಹಳ್ಳಿಯಿಂದ ಹೋದಾಗ ಅವನ ಹೊಸ ಟಿವಿಗೆ ಸಿನಿಮಾದ ಆ್ಯಪ್ ಹಾಕಿಕೊಟ್ಟು ಬಂದಿದ್ದೆ. ಅಂಗಡಿಗೆ ರಜೆ ಇದ್ದ ಒಂದು ಮಧ್ಯಾಹ್ನ ಯಾವುದೋ ಗುಂಡಿ ಒತ್ತಿದ್ದಾನೆ, ಹಾಂಗ್‌ಕಾಂಗಿನ ಒಂದು ಕ್ಯಾಂಟನೀಸ್ ಸಿನಿಮಾ ತೆರೆದುಕೊಂಡಿದೆ. ಐವತ್ತರ ಗಂಡ, ಅದೇ ವಯಸ್ಸಿನ ಹೆಂಡತಿ, ಬೆಂಕಿಪೊಟ್ಟಣದಂಥ ಮನೆ. ಕೆಳಗಿನ ಇಂಗ್ಲಿಷ್ ಅಕ್ಷರಗಳು ಇವನು ಓದುವ ಮೊದಲೇ ಓಡಿಹೋಗುತ್ತವೆ. ಆದರೂ ನಾಲ್ಕು ಸಲ ನೋಡಿದ್ದಾನೆ!

"ಏನ್ ತಿಳೀತು ಮಾಮ?" ಎಂದು ಫೋನಿನಲ್ಲಿ ಕೇಳಿದೆ.

"ಎಲ್ಲಾ ತಿಳೀತು. ಗಂಡಗ ಬ್ಯಾಸರಾಗೈತಿ, ಹೆಂಡ್ತಿಗೂ ಬ್ಯಾಸರಾಗೈತಿ. ಅಂವ ಕಿಟಕ್ಯಾಗ ನಿಂತು ಉಸುರು ಬಿಡ್ತಾನ. ಕಡೀಕ ಅಕಿ ಅವನ್ನ ಹೆಸ್ರು ಹಿಡಿದು ಕರೀತಾಳ. ಅಂವ ಅಳ್ತಾನ. ಇನ್ನೇನೈತಿ ತಿಳ್ಕೊಳ್ಳಾಕ?"

ಮೊದಲು ಶುರುವಾದದ್ದು ನಿಟ್ಟುಸಿರು. ಸಿನಿಮಾದವನ ಕಿಟಕಿಯಿಂದ ಸಮುದ್ರ ಕಂಡೀತು, ಮಾಮನ ಕಿಟಕಿಯಿಂದ ಕಾಣುವುದು ಪಕ್ಕದ ಮನೆಯ ಎಮ್ಮೆ. ಎರಡು ದಿನ ಆ ಎಮ್ಮೆಯನ್ನೇ ನೋಡುತ್ತ ನಿಟ್ಟುಸಿರು ಬಿಟ್ಟ. ಅತ್ತೆ ಬಂದು, "ಗ್ಯಾಸ್ ಆಗಿರಬೇಕು, ಜೀರಿಗಿ ನೀರು ಕುಡೀರಿ" ಎಂದು ಲೋಟ ಕೈಗಿಟ್ಟಳು.

ಮೂರನೆಯ ದಿನ ಊಟಕ್ಕೆ ಕುಳಿತವನು ಬಾಂಬ್ ಹಾಕಿದ.

"ಇವತ್ತಿನಿಂದ ನೀನು ನನ್ನ ಹೆಸ್ರು ಹಿಡಿದು ಕರೀಬೇಕು."

ಅತ್ತೆಯ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ಇಪ್ಪತ್ತೇಳು ವರ್ಷ "ಏನ್ರೀ" ಎಂಬ ಒಂದೇ ಮಾತಿನಲ್ಲಿ ಸಂಸಾರ ತೂಗಿಸಿದವಳು! ಬಾಯಲ್ಲಿ ಗಂಡನ ಹೆಸರು ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ತಂಬ್ರಹಳ್ಳಿಯ ತವರಿನಲ್ಲಿ ಹೇಳಿಕೊಟ್ಟಿದ್ದನ್ನು ಅವಳು ಇಂದಿಗೂ ನಂಬುತ್ತಾಳೆ.

"ಲಗ್ನದಾಗ ಬಾಗಲಾಗ ನಿಂತು ಒಡಪು ಕಟ್ಟಿ ನನ್ನ ಹೆಸ್ರು ಹೇಳಿದ್ದಿಲ್ಲೇನು? ನಾನೇನು ಸತ್ನೇನು?"

"ಬಿಡ್ತು ಅನ್ರಿ! ಅದು ಒಡಪು, ಹಾಡಿನಾಗ ಮುಚ್ಚಿ ಹೇಳಿದ್ದು. ಬರೇ ಹೆಸ್ರು ಯಾರಾದ್ರೂ ಅಂತಾರೇನ್ರಿ?"

ಮಾಮ ಸುಮ್ಮನಾಗುವ ಆಸಾಮಿಯೇ? ಗಿರಾಕಿಗಳ ಪಾತ್ರೆಯ ಮೇಲೆ ಹೆಸರು ಕೊರೆಯುವ ಮಷೀನನ್ನು ಅಂಗಡಿಯಿಂದ ಮನೆಗೆ ತಂದ. ಚರಿಗೆ, ಪರಾತ, ಹಾಲಿನ ಪಾತ್ರೆ, ಕೊನೆಗೆ ಒಗ್ಗರಣೆ ಸೌಟಿನ ಮೇಲೂ ತನ್ನ ಹೆಸರು ಕೊರೆದಿಟ್ಟ. ಓದಿಯಾದರೂ ಬಾಯಿಗೆ ಬಂದೀತು ಎಂಬ ಆಸೆ! ಅತ್ತೆ ಎಲ್ಲ ಪಾತ್ರೆಗಳನ್ನೂ ಹೆಸರು ಗೋಡೆಗೆ ಬರುವಂತೆ ತಿರುಗಿಸಿಟ್ಟಳು. ಒಂದು ಬಟ್ಟಲು ಮಾತ್ರ ಎಣ್ಣೆಗಾಯಿ ತುಂಬಿಕೊಂಡು ಪಕ್ಕದ ಮನೆಗೆ ಹೋಯಿತು. ಅದನ್ನು ವಾಪಸು ತಂದ ಆ ಮನೆಯಾಕೆ ಗಾಬರಿಯಿಂದ ಕೇಳಿದರು: "ಸಾವ್ಕಾರ್ರು ಎಲೆಕ್ಷನ್ನಿಗೆ ನಿಂತಾರೇನ್ರಿ?"

ಆಮೇಲೆ "ಏನ್ರೀ"ಗೆ ಓಗೊಡುವುದನ್ನೇ ನಿಲ್ಲಿಸಿದ. ಅತ್ತೆಯೂ ಕಡಿಮೆಯವಳಲ್ಲ, ಅಡುಗೆಮನೆಯಿಂದ ಪಡಸಾಲೆಗೆ ಮೊಬೈಲ್ ಹಚ್ಚಿದಳು. ಗಿರಾಕಿ ಇರಬಹುದೆಂದು ಮಾಮ ಗಡಬಡಿಸಿ ಎತ್ತಿದರೆ ಆ ಕಡೆಯಿಂದ ಬಂತು, "ಏನ್ರೀ!"

ಇಷ್ಟರವರೆಗೆ ನಾನು ನಕ್ಕಿದ್ದೆ. ಆದರೆ ಕಳೆದ ವಾರ ಅತ್ತೆ ಅಳುತ್ತ ಫೋನ್ ಮಾಡಿದಳು. "ಬಾರವ್ವಾ, ಎರಡು ದಿನಾತು, ಮಧ್ಯಾಹ್ನ ಉಣ್ಣಾಕ ಮನಿಗೆ ಬರವಲ್ರು. ಹೆಸ್ರು ಹಿಡಿದು ಕರದ್ರ ಬರ್ತೀನಿ ಅಂತಾರ." ಮಾಮನಿಗೆ ಸಕ್ಕರೆ ಕಾಯಿಲೆ! ಸಿಕ್ಕ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ಕೂಡ್ಲಿಗಿಯ ಹೆಣ್ಣುಮಗಳೊಬ್ಬಳು ಕಾಯುತ್ತಿದ್ದಳು. ಅವಳ ಕೊಡದ ಮೇಲೆ ಮಾಮ ಹೆಸರು ಕೊರೆಯುತ್ತಿದ್ದ. ನಾನು ಸಿಟ್ಟಿನಿಂದಲೇ ಕೇಳಿದೆ, "ಏನ್ ಮಾಮ ಇದು, ಒಂದು ಸಿನಿಮಾ ನೋಡಿ ಹಿಂಗ ಮಾಡೋದಾ?"

ಅವನು ತಲೆ ಎತ್ತಲಿಲ್ಲ.

"ಅವ್ವ ಹೋಗಿ ಎಂಟು ತಿಂಗಳಾತು. ಅಕಿ ಹಿತ್ತಲದಾಗ ನಿಂತು ಹೆಸ್ರು ಹಿಡಿದು ಕೂಗ್ತಿದ್ದಳು, ಓಣಿಗೆಲ್ಲಾ ಕೇಳಂಗ. ಈಗ ಅಂಗಡ್ಯಾಗ ಸಾವ್ಕಾರ್ರು, ಮನ್ಯಾಗ ಏನ್ರಿ, ನಿಮ್ಮವ್ವಗ ಅಣ್ಣ, ನಿನಗ ಮಾಮ. ದಿನಾ ಮಂದಿ ಹೆಸ್ರು ಕೊರೀತೀನಿ. ನನ್ನ ಹೆಸ್ರು ಹಿಡಿದು ಕರ್ಯಾಕ ಭೂಮಿ ಮ್ಯಾಲೆ ಯಾರೂ ಇಲ್ಲಲೇ ಕೂಸ."

ಇಷ್ಟು ದಿನ ನಾವೆಲ್ಲ ಇವನನ್ನು ನೋಡಿ ನಗುತ್ತಿದ್ದೆವಲ್ಲ! ಹಿಂದೆ ಏನೋ ಸಪ್ಪಳವಾಯಿತು. ತಿರುಗಿ ನೋಡಿದರೆ ಟಿಫಿನ್ ಕ್ಯಾರಿಯರ್ ಹಿಡಿದು ಅತ್ತೆ ನಿಂತಿದ್ದಾಳೆ. ಎಲ್ಲ ಕೇಳಿಸಿಕೊಂಡಿದ್ದಾಳೆ.

ಕ್ಯಾರಿಯರ್ ಕೆಳಗಿಟ್ಟಳು. ಸೆರಗು ಸರಿಮಾಡಿಕೊಂಡು ಊರ ದೇವರ ಗುಡಿಯ ಕಡೆ ತಿರುಗಿ ಕೈಮುಗಿದಳು. "ಕೊಟ್ರೇಶಪ್ಪಾ, ಕಡಿಮಿ ಮಾಡೋದಿದ್ರ ನನ್ನ ಆಯುಷ್ಯದಾಗ ಮಾಡು" ಎಂದಳು. ಆಮೇಲೆ ಕಣ್ಣು ಗಟ್ಟಿಯಾಗಿ ಮುಚ್ಚಿ, ಗಿರಾಕಿಯ ಎದುರೇ, ಬಜಾರಕ್ಕೆಲ್ಲ ಕೇಳುವಂತೆ ಮಾಮನ ಹೆಸರು ಕೂಗಿ, "ಉಣ್ಣಾಕ ಬರ್ರಿ" ಎಂದಳು.

ಮಷೀನು ನಿಂತಿತು. ಮಾಮ ಕನ್ನಡಕ ತೆಗೆದು ಗಲ್ಲಾಪೆಟ್ಟಿಗೆಯ ಮೇಲೆ ತಲೆಯಿಟ್ಟು ಮಗುವಿನ ಹಾಗೆ ಅತ್ತುಬಿಟ್ಟ. ಅತ್ತೆಯ ಮುಖ ಬಿಳಿಚಿತು. ಓಡಿಹೋಗಿ ಅವನನ್ನು ಎಬ್ಬಿಸಿ, ಎದೆಯ ಮೇಲೆ ಕೈಯಿಟ್ಟು ನೋಡಿದಳು, ಬಡಿಯುತ್ತಿದೆಯೋ ಇಲ್ಲವೋ ಎಂದು.